ಬಿಡದೆ ಹೋದ ಮಡಿಕೆ

ಮಕ್ಕಳ ಬಟ್ಟೆಯ ಅಂಚಿನೊಳಗೆ ನಾಲ್ಕು ಬೆರಳಷ್ಟು ಮಡಿಕೆ ಬಿಟ್ಟು ಹೊಲಿಯುವುದು ಆ ದರ್ಜಿಯ ವಾಡಿಕೆ. ಮಗು ಬೆಳೆದಾಗ ಮಡಿಕೆ ಬಿಚ್ಚಿದರೆ ಬಟ್ಟೆ ಇನ್ನೊಂದು ವರ್ಷ ಬರುತ್ತದೆ.

ದೂರದ ಊರೊಂದು ನೆರೆಗೆ ಸಿಕ್ಕಿದಾಗ, ಅಲ್ಲಿನ ಶಾಲಾ ಹುಡುಗಿಯರಿಗೆ ಲಂಗ ಹೊಲಿಯುವ ಸರ್ಕಾರಿ ಕೆಲಸ ಅವನಿಗೆ ಬಂತು. "ಹೊಳೆ ಉಕ್ಕಿದ್ದು ಅಲ್ಲಿ, ಕೊಚ್ಚಿಹೋಗೋದು ನಮ್ಮ ತೆರಿಗೆ ದುಡ್ಡು!" ಎಂದು ಗೊಣಗಿದ. ಬಟ್ಟೆಯಾದರೂ ಉಳಿಯಲಿ ಎಂದು ಮಡಿಕೆ ಬಿಡದೆಯೇ ಹೊಲಿದು ಕಳಿಸಿದ. ಉಳಿದ ಬಟ್ಟೆಯನ್ನು ಹೆಮ್ಮೆಯಿಂದ ಕಚೇರಿಗೆ ಒಪ್ಪಿಸಿಯೂ ಬಂದ.

ಇಂದು ಪಕ್ಕದ ಮನೆ ಹುಡುಗಿಯ ಲಂಗಕ್ಕೆ ಅವನು ಮಡಿಕೆ ಬಿಡುವುದನ್ನು ಕಂಡು, ಗುಂಡಿ ಹಚ್ಚುತ್ತಿದ್ದ ಹೆಂಡತಿ ಕೇಳಿದಳು, "ಯಾಕ್ರೀ, ಅಲ್ಲಿನ ಮಕ್ಕಳು ಬೆಳೆಯಲ್ವಾ?"

"ಸುಮ್ನಿರೇ, ನಿಂಗೇನು ಗೊತ್ತು" ಎಂದನೇನೋ ನಿಜ, ಆದರೆ ತಲೆಯೆತ್ತಲಾಗಲಿಲ್ಲ. ಬರುವ ವರ್ಷ ಕಾಣದೂರಿನ ತರಗತಿಯಲ್ಲಿ, ಎದ್ದು ನಿಂತ ಹುಡುಗಿಯರು ಲಂಗವನ್ನು ಮೊಣಕಾಲಿನತ್ತ ಎಳೆದೆಳೆದುಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತು.