ಹೊಳೆಯಬಾರದ ಟ್ಯೂಬಿಗೊಂದು ಪ್ರಾರ್ಥನೆ

ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಸೊಸೆಯ ಫೋನ್ ಬಂತು. ನೀರಲ್ಲಿ ನೆನೆದು ಬೆರಳ ತುದಿಯೆಲ್ಲ ಸುಕ್ಕುಗಟ್ಟಿತ್ತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ.

“ಅತ್ತಿ, ಎರಡೂ ಗ್ಲೋ ಆದ್ವು,” ಅಂದಳು.

“ಅಯ್ಯೋ ನನ್ನ ಬಂಗಾರ! ಸಾಯಂಕಾಲ ಪಾಯಸ ಮಾಡ್ತೀನಿ ಬಾ,” ಅಂದೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಹಂಗಲ್ರಿ ಅತ್ತಿ. ಒಂದು ಗ್ಲೋ ಆಗಬಾರದಿತ್ತು. ಸಬ್ ಗಯಾ.”

ನನ್ನ ಸೊಸೆ ಧಾರಾವಿಯಲ್ಲಿ ಹುಟ್ಟಿ ಬೆಳೆದವಳು, ತಂದೆ ತಾಯಿ ವಿಜಯಪುರದ ಕಡೆಯವರು. ನಾವು ಮೈಸೂರಿನಿಂದ ಬಂದು ವಿಕ್ರೋಳಿಯಲ್ಲಿ ನೆಲೆಸಿದವರು. ಅವಳ ಕನ್ನಡಕ್ಕೆ ನಾನು ನಗುತ್ತೇನೆ, ನನ್ನ ಹಿಂದಿಗೆ ಅವಳು ನಗುತ್ತಾಳೆ. ಅವಳ ಪಿಎಚ್.ಡಿ. ಏನೆಂದು ಬಿಲ್ಡಿಂಗಿನವರು ಕೇಳಿದರೆ ಅವಳೇ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತೇನೆ. ಪ್ರೋಟೀನು ಅಂದರೆ ಮಣಿಸರದ ಹಾಗೆ. ಆ ಸರದ ಒಂದೇ ಒಂದು ಮಣಿಗೆ ಹೊಳೆಯುವ ಗೊಂಡೆ ಕಟ್ಟಬೇಕು, ಪಕ್ಕದ ಮಣಿ ಮುಟ್ಟಬಾರದು. ಹಾಗೆ ಕಟ್ಟಿಸುವ ಪದಾರ್ಥವೇ ಕೆಟಲಿಸ್ಟ್. ಯಾವುದೋ ಬೆಲೆಬಾಳುವ ಲೋಹ ಸೇರಿಸಿ ಅದನ್ನು ಅವಳೇ ರೂಪಿಸಿದ್ದು, ನಾಲ್ಕು ವರ್ಷ ಹಿಡಿದು.

ಅದು ನಿಜವಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ತೋರಿಸಲು ಎರಡು ಟ್ಯೂಬ್ ಇಡುತ್ತಾರೆ. ಒಂದಕ್ಕೆ ಕೆಟಲಿಸ್ಟ್ ಹಾಕುತ್ತಾರೆ, ಇನ್ನೊಂದಕ್ಕೆ ಹಾಕುವುದಿಲ್ಲ. ಆ ಎರಡನೆಯದಕ್ಕೆ ಕಂಟ್ರೋಲ್ ಎಂದು ಹೆಸರು. ಮೊದಲನೆಯದು ಹೊಳೆಯಬೇಕು, ಕಂಟ್ರೋಲ್ ಕಪ್ಪಗೇ ಉಳಿಯಬೇಕು. ಎರಡೂ ಹೊಳೆದರೆ ಕೆಟಲಿಸ್ಟಿನ ಅಗತ್ಯವೇ ಇರಲಿಲ್ಲ ಎಂದಾಯಿತು. ಥೀಸಿಸ್ಸಿನ ಕೊನೆಯ ಅಧ್ಯಾಯ ನಿಂತಿದ್ದದ್ದು ಇದರ ಮೇಲೆ.

ಈ ಕಂಟ್ರೋಲಿನ ವಿಷಯ ನನಗೆ ಗೊತ್ತಾದದ್ದು ಆ ಸಂಜೆ, ಅವಳು ಮನೆಗೆ ಬಂದ ಮೇಲೆ. ಬೆಳಿಗ್ಗೆ ನಾನು ನಮ್ಮ ಮನೆದೇವರು ನಂಜುಂಡೇಶ್ವರನಿಗೆ ದೀಪ ಹಚ್ಚಿ, “ಅಪ್ಪಾ, ಮಗುವಿನ ಟ್ಯೂಬೆಲ್ಲಾ ಹೊಳೀಲಿ” ಎಂದು ಬೇಡಿಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

“ನೋಡಿದ್ಯಾ, ಕೆಡಿಸಿದ್ದು ನೀನೇ,” ಅಂದರು ನಮ್ಮ ಯಜಮಾನರು. “ಎಲ್ಲಾ ಅಂತ ಕೇಳಿದೆ, ಎಲ್ಲಾ ಕೊಟ್ಟ. ಫಾರಂ ಸರಿಯಾಗಿ ತುಂಬಬೇಕು ಕಣೇ.”

“ಅತ್ತಿ, ಕಂಟ್ರೋಲ್‌ಗೂ ಬೇಡ್ಕೊಂಡ್ರೇನ್ರಿ?” ಎಂದು ಸೊಸೆ ನಕ್ಕೇಬಿಟ್ಟಳು. ಕಣ್ಣು ಇನ್ನೂ ಕೆಂಪಗಿತ್ತು. ನನ್ನನ್ನು ನೋಡಿ ನಕ್ಕರೂ ಸರಿ, ನಕ್ಕಳಲ್ಲ, ಅಷ್ಟು ಕೃಪೆ ಮಾಡಿದ ಸ್ವಾಮಿ. ಎರಡು ತಟ್ಟೆ ಹಿತಕಿದಬೇಳೆ ಹುಳಿಯನ್ನವನ್ನೂ ತಿಂದಳು. ಅದು ಎರಡನೆಯ ಕೃಪೆ.

ಊಟ ಮಾಡುತ್ತಲೇ ಅವಳಿಗೆ ಒಂದು ಅನುಮಾನ ಬಂತು. ದ್ರಾವಣ ಕಲಕಲು ಪಾತ್ರೆಯೊಳಗೆ ಪುಟ್ಟ ಅಯಸ್ಕಾಂತದ ಕಡ್ಡಿ ಹಾಕುತ್ತಾರಂತೆ. ಲ್ಯಾಬಿನ ಎಲ್ಲರೂ ಅದೇ ಕಡ್ಡಿಗಳನ್ನು ತೊಳೆದು ತೊಳೆದು ಬಳಸುತ್ತಾರೆ. ಹಳೆಯ ಕಡ್ಡಿಯ ಗೀರಿನಲ್ಲಿ ಆ ಲೋಹ ಒಂದಿಷ್ಟು ಕೂತಿದ್ದರೆ?

“ಮೊಸರಿನ ಚಮಚಾನ ಹಾಲಿಗೆ ಹಾಕಿದ ಹಾಗೆ,” ಅಂದೆ.

“ಹೂಂ, ಹಂಗ,” ಅಂದಳು. ಕೂಡಲೇ ಮುಖ ಸಣ್ಣದಾಯಿತು. “ಹೊಸ ಕಡ್ಡಿ ಹಾಕಿದ್ರೂ ಗ್ಲೋ ಆದ್ರ ಚಾಪ್ಟರ್ ಬಿಡು ಅಂದಾರ ಗೈಡ್. ಔರ್ ಏಕ್ ಸಾಲ್, ಇನ್ನೊಂದು ವರ್ಷ, ಅತ್ತಿ.”

ಎರಡು ದಿನ ಬಿಟ್ಟು ಹೊಸ ಕಡ್ಡಿಯ ಪ್ರಯೋಗ. ಬೆಳಿಗ್ಗೆ ದೀಪ ಹಚ್ಚಿದೆ, ಕೈ ಮುಗಿದೆ, ಮಾತು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷಗಳಿಂದ ಏನೇನೋ ಬೇಡಿದ್ದೇನೆ. ಒಂದು ಕೆಲಸ ಆಗದಿರಲಿ ಎಂದು ಬೇಡಿದವಳಲ್ಲ.

“ಅಪ್ಪಾ, ಮೊದಲನೇದು ಹೊಳೀಲಿ. ಎರಡನೇದು…”

ಸೊಸೆ ಬ್ಯಾಗ್ ಹೆಗಲಿಗೇರಿಸಿ ಬೆನ್ನ ಹಿಂದೆಯೇ ನಿಂತಿದ್ದಳು. “ಬೋಲೋ ನಾ ಅತ್ತಿ, ಲೋಕಲ್ ಟ್ರೇನ್ ಹೋಗ್ತದ.”

“ಹಾಳಾಗ್ಲಿ ಅಂತ ದೇವರ ಮುಂದೆ ಹೆಂಗೇ ಹೇಳ್ಲಿ?”

“ಹಾಳಾಗೋದು ಬ್ಯಾಡ್ರಿ. ಇದ್ದಂಗ ಇರಲಿ ಅನ್ರಿ, ಬಸ್.”

ಹಾಗೇ ಅಂದೆ. ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು: “ವಿಷ ಕುಡಿದು ಅರಗಿಸಿಕೊಂಡವನು. ಕೆಮಿಸ್ಟ್ರಿ ಅವನಿಗೆ ನೀನು ಹೇಳಿಕೊಡಬೇಕಾ?”

ಅವತ್ತು ಮಧ್ಯಾಹ್ನ ಮಲಗಲಿಲ್ಲ. ನಾಲ್ಕು ಗಂಟೆಗೆ ಮೊಬೈಲಿಗೆ ಒಂದು ಫೋಟೋ ಬಂತು, ಎರಡೂ ಟ್ಯೂಬಿನದನ್ನು ಪಕ್ಕಪಕ್ಕ ಹರಿಸಿ ತೆಗೆದದ್ದಂತೆ. ಕಪ್ಪು ಹಾಳೆಯ ಮೇಲೆ ಒಂದೇ ಒಂದು ಬಿಳಿಯ ಗೆರೆ, ಅದರ ಪಕ್ಕ ಬರೀ ಕಪ್ಪು. ಹಿಂದೆಯೇ ಫೋನ್ ಬಂತು.

“ನೋಡಿದ್ರೇನ್ರಿ?”

“ನೋಡಿದೆ ತಾಯಿ. ಅಳಬೇಕೋ ನಗಬೇಕೋ, ಮೊದಲು ಅದನ್ನು ಹೇಳು.”

“ನಗ್ರಿ ಅತ್ತಿ! ಕಂಟ್ರೋಲ್‌ದಾಗ ಏನೂ ಇಲ್ಲ! ಕುಛ್ ಭೀ ನಹೀಂ!”

ಏನೂ ಇಲ್ಲ ಎಂಬ ಮಾತನ್ನು ಯಾರೂ ಅಷ್ಟು ಸಂತೋಷದಿಂದ ಕೂಗಿದ್ದನ್ನು ನಾನು ಕೇಳಿರಲಿಲ್ಲ. ದೇವರ ಮನೆಯ ಕಡೆ ತಿರುಗಿ, ಫೋನ್ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ.

“ಪಾಯಸ ಮಾಡ್ಲಾ?”

“ತಡೀರಿ. ಇನ್ನೆರಡು ಸಲ ಹಿಂಗ ಬರಬೇಕು, ಆಮ್ಯಾಲೆ ನಂಬ್ತಾರ. ನಾಳೆನೂ ಇದನ್ನ ಬೇಡ್ಕೋರಿ. ಹೊಸದೇನೂ ಸೇರಿಸಬ್ಯಾಡ್ರಿ.”

“ಒಂದಕ್ಷರ ಸೇರಿಸಲ್ಲ,” ಅಂದೆ.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಫೋನ್ ಇಟ್ಟು, ಡ್ರಮ್ಮಿನ ಮುಚ್ಚಳ ತೆಗೆದು ಪೈಪ್ ಇಳಿಬಿಟ್ಟೆ.