ರಂಗಲಕ್ಷ್ಮಮ್ಮನ ನಿಲ್ಲದ ಗಿರಣಿ

ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ರಂಗಲಕ್ಷ್ಮಮ್ಮನ ಹಿಟ್ಟಿನ ಗಿರಣಿ. ಗಂಡ ಕದರಯ್ಯ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಲೈಸೆನ್ಸ್ ಮಾಡಿಸಿ ಅದನ್ನು ಹಾಕಿದಾಗ ಸುತ್ತ ರಾಗಿ ಹೊಲ ಬಿಟ್ಟರೆ ಇನ್ನೇನೂ ಇರಲಿಲ್ಲ. ಐದು ವರ್ಷಕ್ಕೆ ಹೊಲಗಳೆಲ್ಲ ಸೈಟುಗಳಾದವು. ಪಕ್ಕದಲ್ಲೇ ಮನೆ ಕಟ್ಟಿಕೊಂಡು ಬಂದ ಲಕ್ಷ್ಮೀನರಸಿಂಹಯ್ಯ ಮೇಷ್ಟರಿಗೆ ಗಿರಣಿಯ ಸದ್ದು ತಲೆನೋವಾಯಿತು. ಗಿರಣಿ ಎತ್ತಿಸಿ ಎಂದು ಅರ್ಜಿ ಬರೆದರು. ಹಿಟ್ಟು ಮಾತ್ರ ಅಲ್ಲೇ ಬೀಸಿಸುತ್ತಿದ್ದರು.

ಅಷ್ಟರಲ್ಲಿ ಊರಿಗೊಂದು ನಕ್ಷೆ ತಯಾರಾಗಿ, ಆ ಇಡೀ ಜಾಗಕ್ಕೆ, ವಾಸದ ಮನೆಗಳಿಗಷ್ಟೇ ಎಂಬ ಹಳದಿ ಬಣ್ಣ ಬಿದ್ದಿತ್ತು. ಬಣ್ಣ ಬಳಿದವರು, ಅದರಡಿಯಲ್ಲಿ ಯಾರ ಅನ್ನ ಸಿಕ್ಕಿಕೊಂಡಿದೆ ಎಂದು ಬಂದು ನೋಡಿದ್ದುಂಟೇ?

ಗಂಡಹೆಂಡಿರು ಆ ನಕ್ಷೆ ಮಾಡಿದ ಆಫೀಸಿನ ಬಾಗಿಲಲ್ಲಿ ಮೂರು ದಿನ ಕಾದರು. ಗುಮಾಸ್ತ ತಲೆಯೆತ್ತದೆಯೇ ಹೇಳಿದ: "ನಕ್ಷೆಗಿಂತ ಮೊದ್ಲಿಂದ ನಡೀತಿರೋದು, ನಡೀಬಹುದು. ನಿಮಗೆ ಹಕ್ಕಿದೆ. ಆದ್ರೆ ನಿಲ್ಲಿಸಿದ್ರೋ, ಹಕ್ಕು ಹೋಯ್ತು. ಮತ್ತೆ ಶುರು ಮಾಡೋ ಹಾಗಿಲ್ಲ."

"ಎಷ್ಟು ದಿನ ನಿಲ್ಸಿದ್ರೆ ಸ್ವಾಮಿ?" ಎಂದು ಇವಳು ಕೇಳುವಷ್ಟರಲ್ಲಿ ಹಿಂದಿನವರನ್ನು ಕರೆದಾಗಿತ್ತು.

ಆ ಅರ್ಧ ಮಾತನ್ನೇ ಅವಳು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಎಪ್ಪತ್ತೆಂಟರಲ್ಲಿ ಕದರಯ್ಯ ತೀರಿಕೊಂಡ. ಸೂತಕದ ಮನೆಗೆ ಕಾಳು ಯಾರು ತರುತ್ತಾರೆ? ಮಾರನೆಯ ಬೆಳಿಗ್ಗೆ ಅವಳೇ ಮನೆಯ ರಾಗಿ ಎರಡು ಸೇರು ಸುರಿದು ಸ್ವಿಚ್ ಹಾಕಿದಳು. ಹನ್ನೊಂದು ದಿನವೂ ಹಾಗೇ.

"ಗಂಡನ ಗುಂಡಿ ಮಣ್ಣು ಇನ್ನೂ ಆರಿಲ್ಲ, ಗಿರಣಿ ಓಡಿಸ್ತಿದೀಯಲ್ಲೇ!" ಎಂದು ಓರಗಿತ್ತಿ ದೊಡ್ಡಗಂಗಮ್ಮ ಬಾಯಿ ಮೇಲೆ ಕೈಯಿಟ್ಟಳು.

"ಅವ್ರು ಬಿಟ್ಟೋಗಿರೋದು ಇದೊಂದೇ ಕಣಕ್ಕ. ನಿಲ್ಸಿದ್ರೆ ಇದಕ್ಕೂ ಮಣ್ಣು ಹಾಕ್ಬೇಕು."

ಆಯುಧಪೂಜೆಯ ದಿನ ಊರಿನ ಯಂತ್ರಗಳೆಲ್ಲ ಕುಂಕುಮ ಹಚ್ಚಿಕೊಂಡು ಸುಮ್ಮನಿದ್ದರೆ, ಇವಳ ಗಿರಣಿ ಹಾರ ಹಾಕಿಕೊಂಡೇ ಗುರುಗುಟ್ಟುತ್ತಿತ್ತು. ಕರೆಂಟು ಕೈಕೊಟ್ಟ ದಿನ ಬೀಸುವ ಕಲ್ಲನ್ನು ಗಿರಣಿಯ ಹೊಸ್ತಿಲೊಳಗಿಟ್ಟು, ಹಿಡಿ ರಾಗಿ ಬೀಸಿಯೇ ಏಳುತ್ತಿದ್ದಳು. ಹುತ್ರಿದುರ್ಗದ ತವರಿನಲ್ಲಿ ತಂಗಿ ವನಜಮ್ಮನ ಮದುವೆಗೂ ಧಾರೆಯ ಹೊತ್ತಿಗೆ ಹೋಗಿ, ಊಟದ ಎಲೆ ಎತ್ತುವ ಮೊದಲೇ ಬಸ್ಸು ಹಿಡಿದು ಬಂದಿದ್ದಳು.

ಎಂಬತ್ತೈದರಲ್ಲಿ ಮೇಷ್ಟರ ನಾಲ್ಕನೇ ಅರ್ಜಿಗೆ ಹೊಸ ಅಧಿಕಾರಿಯೊಬ್ಬರು ಜಾಗಕ್ಕೇ ಬಂದರು. ತಂತಿಗೆ ಚುಚ್ಚಿಟ್ಟಿದ್ದ ಕರೆಂಟ್ ಬಿಲ್ಲುಗಳನ್ನು ತಾಳ್ಮೆಯಿಂದ ತಿರುವಿದರು.

"ಒಂದು ತಿಂಗಳೂ ತಪ್ಪಿಲ್ಲ. ನಿಮ್ಮ ಹಕ್ಕು ಗಟ್ಟಿಯಾಗಿದೆ ಕಣಮ್ಮ."

"ತಿಂಗ್ಳಲ್ಲ ಸ್ವಾಮಿ, ಒಂದು ದಿನ ತಪ್ಪಿಲ್ಲ."

"ದಿನಾನಾ? ಯಾಕಮ್ಮ? ಸತತವಾಗಿ ಆರು ತಿಂಗಳು ಮುಚ್ಚಿದ್ರೆ ಮಾತ್ರ ಹಕ್ಕು ಹೋಗೋದು. ನಿಯಮದಲ್ಲೇ ಇದೆ. ಯಾರೂ ಹೇಳ್ಲಿಲ್ವಾ?"

ರಂಗಲಕ್ಷ್ಮಮ್ಮ ರಾಗಿ ಮೂಟೆಯ ಮೇಲೆ ಕೂತುಬಿಟ್ಟಳು. ಒಂಬತ್ತು ವರ್ಷ. ಇನ್ನೊಂದು ಸಾಲು ಓದಿ ಹೇಳಲು ಆ ಗುಮಾಸ್ತನಿಗೆ ಎಷ್ಟು ಹೊತ್ತು ಬೇಕಿತ್ತು? ಹಕ್ಕನ್ನು ಅರ್ಧ ಹೇಳಿ, ಹೆದರಿಕೆಯನ್ನು ಮಾತ್ರ ಪೂರ್ತಿ ಕೊಟ್ಟು ಕಳಿಸುವ ಆ ಮೇಜುಗಳಿಗೆ ಯಾವ ಬಣ್ಣ ಬಳಿಯಬೇಕು? ಅವಳು ಅತ್ತಳೋ ಇಲ್ಲವೋ, ಮುಖದ ತುಂಬ ಹಿಟ್ಟಿತ್ತು, ಗೊತ್ತಾಗಲಿಲ್ಲ.

ಆ ವರ್ಷದ ಆಯುಧಪೂಜೆಗೆ ಗಿರಣಿ ತೊಳೆದು, ಕುಂಕುಮವಿಟ್ಟು, ಕುಂಬಳಕಾಯಿ ಒಡೆದು, ಬೀಗ ಹಾಕಿದಳು. ಬೀದಿಗೆ ಬೀದಿಯೇ ಕಿವಿ ಕಳೆದುಕೊಂಡಂತಾಯಿತು. ಮೇಷ್ಟರು ಗೋಧಿ ಡಬ್ಬ ಹಿಡಿದು ಓಡೋಡಿ ಬಂದರು.

"ಏನಮ್ಮಾ ಇದು, ನಿಲ್ಲಿಸೇಬಿಟ್ಯಾ?"

"ನಿಲ್ಲಿಸ್ಬೇಕು ಅಂತ ಬರ್ದೋರು ನೀವೇ ಅಲ್ವಾ ಮೇಷ್ಟ್ರೇ?"

ಮೇಷ್ಟರು ಡಬ್ಬವನ್ನು ಬೆನ್ನ ಹಿಂದಕ್ಕೆ ಸರಿಸಿದರು. "ಅದು ಬಿಡು... ಎಲ್ಲಿಗೆ ಹೊರಟೆ?"

"ಹುತ್ರಿದುರ್ಗಕ್ಕೆ. ನಮ್ಮವ್ವನ ಮನೇಲಿ ಮಲಗಿ ಒಂಬತ್ತು ವರ್ಷ ಆಯ್ತು."

"ಬರೋದು ಯಾವಾಗ?"

ರಂಗಲಕ್ಷ್ಮಮ್ಮ ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಕೈಚೀಲ ಎತ್ತಿಕೊಂಡಳು.

"ಕಾನೂನ್‌ನಾಗೆ ಆರು ತಿಂಗ್ಳು ಐತಂತೆ ಮೇಷ್ಟ್ರೇ. ನಾನೊಂದು ಮೂರು ದಿನ ತಗೊಂಡಿದೀನಿ."