ಬಣ್ಣದಕ್ಕನ ಎರಡನೇ ಚಂದ್ರ

ಟಿವಿ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವರು ಬಣ್ಣದಕ್ಕ. ಅಂತರಿಕ್ಷದ ಧಾರಾವಾಹಿಗೆ ಹಲಗೆಯ ಮೇಲೆ ಗ್ರಹಗಳನ್ನು ಬರೆದವರು, ಕುಕ್ಕರಿನ ಮುಚ್ಚಳಕ್ಕೆ ಆಲಿಕೆ ಅಂಟಿಸಿ ಆಕಾಶನೌಕೆ ಮಾಡಿದವರು ಅವರೇ. ನೌಕೆ ಯಾವುದೋ ಗ್ರಹದ ಕಡಲಿಗೆ ಬೀಳುವ ಕಂತಿಗೆ ಒಂದು ನೀಲಿ ಬಟ್ಟೆಯನ್ನು ಇಬ್ಬರು ಹಿಡಿದು ಅಲ್ಲಾಡಿಸಿದ್ದರು. ಟಿವಿ ಆಗಿನ್ನೂ ಕಪ್ಪುಬಿಳುಪು. ಆದರೂ ಬಟ್ಟೆ ನೀಲಿಯೇ ಆಗಬೇಕೆಂದು ಬಣ್ಣದಕ್ಕನ ಹಟ, ನಟರಿಗಾದರೂ ಕಡಲು ಅನ್ನಿಸಲಿ ಎಂದು.

ಅದೇ ಕಂತನ್ನು ಈಗ ದೊಡ್ಡ ಬಂಡವಾಳದಲ್ಲಿ ಹೊಸದಾಗಿ ತೆಗೆಯುತ್ತಿದ್ದವಳು ಅವರ ಅಕ್ಕನ ಮಗಳು. ಸ್ಟುಡಿಯೋದಲ್ಲಿ ಕೆರೆಯಂಥ ತೊಟ್ಟಿ, ಅಲೆ ಎಬ್ಬಿಸುವ ಯಂತ್ರ, ಗೋಡೆಯಗಲದ ಪರದೆ ಎಲ್ಲವೂ ಬಂದಿದ್ದವು. ಚಿಕ್ಕಮ್ಮನ ಕೈಕೆಲಸವನ್ನು ತಾನೇ ಅಳಿಸಿಹಾಕುತ್ತಿದ್ದೇನೆಂಬ ಅಳುಕು ಮಾತ್ರ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಷ್ಟರಲ್ಲಿ ಹಳೆಯ ಧಾರಾವಾಹಿಯ ಅಭಿಮಾನಿಗಳು ಸಭೆ ಸೇರಿಸಿ ಬಣ್ಣದಕ್ಕನನ್ನು ಕರೆದರು. ಅಧ್ಯಕ್ಷರು ಮೈಕ್ ಹಿಡಿದು, "ಆಗ ದುಡ್ಡಿರ್ಲಿಲ್ಲ, ಅದಕ್ಕೇ ಕಲೆ ಇತ್ತು. ಅದನ್ನ ಯಾರೂ ಮುಟ್ಟಬಾರದು ಅಂತ ನೀವೇ ಒಂದು ಮಾತು ಹೇಳಿ ಅಮ್ಮ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಮಗಳು ತಲೆ ತಗ್ಗಿಸಿದಳು.

ಬಣ್ಣದಕ್ಕ ನಿಧಾನವಾಗಿ ಎದ್ದರು. "ನಿಮ್ಮ ಪ್ರೀತಿ ದೊಡ್ಡದು. ಆದ್ರೆ ಆ ಬಟ್ಟೆ ನಮ್ಮ ಆಸೆ ಆಗಿರ್ಲಿಲ್ಲ, ನಮ್ಮ ಕೈಲಾಗಿದ್ದು ಅಷ್ಟೇ. ನಮಗೂ ನೀರೇ ಬೇಕಿತ್ತು. ಆಕಾಶದಲ್ಲಿ ಎರಡು ಚಂದ್ರ ಬರೆದಿದ್ದೆ. ಅದ್ರಲ್ಲಿ ಒಂದರ ಬಣ್ಣ ದೀಪದ ಶಾಖಕ್ಕೆ ಕರಗಿ ನೌಕೆ ಕ್ಯಾಪ್ಟನ್ ತಲೆ ಮೇಲೇ ಸುರೀತು. ಆ ಕಂತು ಹಾಕಿದಾಗೆಲ್ಲ ನನಗೆ ಕಾಣೋದು ಆ ಖಾಲಿ ಜಾಗಾನೇ. ನಮ್ಮ ಹುಡುಗಿ ತೆಗೀಲಿ. ಚೆನ್ನಾಗಿ ತೆಗೀಲಿ."

ಎಲ್ಲೋ ಮೂಲೆಯಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು, ಅವರ ಹಿಂದೆ ಇನ್ನಷ್ಟು ಜನ.

ಮನೆಗೆ ಬರುವ ದಾರಿಯಲ್ಲಿ ಹುಡುಗಿ ಕೇಳಿಯೇಬಿಟ್ಟಳು. "ಚಿಕ್ಕಮ್ಮ, ನಿಜವಾಗ್ಲೂ ಬೇಜಾರಿಲ್ವಾ?"

"ಬೇಜಾರಿಲ್ಲ ಕಣೇ. ಸ್ವಲ್ಪ ಹೊಟ್ಟೆಕಿಚ್ಚಿದೆ."

ಇಬ್ಬರೂ ನಕ್ಕರು. "ಹಾಗಾದ್ರೆ ಆ ಚಂದ್ರನ್ನ ನೀವೇ ಬರ್ದುಕೊಡಿ" ಎಂದಳು ಹುಡುಗಿ.

ಬೆರಳಿಗೆ ಮೊದಲಿನ ಹಿಡಿತ ಇಲ್ಲದ್ದರಿಂದ ಬಣ್ಣದಕ್ಕ ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಬರೆದರು. ಆ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿ ಪರದೆಯ ಮೇಲೆ ಮೊದಲೇ ಇದ್ದ ಚಂದ್ರನ ಪಕ್ಕಕ್ಕೆ ಬಿಟ್ಟಾಗ, ತೊಟ್ಟಿಯ ನೀರಿನಲ್ಲಿ ಎರಡು ಚಂದ್ರರು ಮುರಿಮುರಿದು ಕೂಡಿಕೊಂಡರು. ದೀಪದವರು, ಕ್ಯಾಮೆರಾದವರು ಕೆಲಸ ನಿಲ್ಲಿಸಿ ನೋಡಿದರು. ಹುಡುಗಿ ನೋಡುತ್ತಿದ್ದುದು ಚಿಕ್ಕಮ್ಮನ ಮುಖವನ್ನು. ಈ ವಯಸ್ಸಿನಲ್ಲೂ ಆಸೆಯನ್ನು ಇಷ್ಟು ಹಸಿಯಾಗಿ ಉಳಿಸಿಕೊಂಡ ಇನ್ನೊಬ್ಬರನ್ನು ಅವಳು ಕಂಡಿರಲಿಲ್ಲ.

ಬಣ್ಣದಕ್ಕ ಯಂತ್ರ ನಡೆಸುವವನತ್ತ ತಿರುಗಿದರು. "ಬಿರುಗಾಳಿ ಬರಿಸಕ್ಕಾಗುತ್ತಾ ಅಪ್ಪ?"

ಅವನು ಹುಡುಗಿಯ ಮುಖ ನೋಡಿದ. ಅವಳು ಹೂಂ ಎಂದಳು. ಅಲೆ ಎದ್ದು ಮುಂದಿದ್ದವರನ್ನೆಲ್ಲ ತೋಯಿಸಿಬಿಟ್ಟಿತು. ಬಣ್ಣದಕ್ಕ ಕನ್ನಡಕ ಒರೆಸಿಕೊಂಡು, "ಇನ್ನೂ ಸ್ವಲ್ಪ ಜೋರು" ಎಂದರು.